‘ನೋಡೋಣ ಬಿಡಿ’ ಅಂದರೆ ಏನರ್ಥ? ಮಸುಕು ಮಾತನ್ನು ಬಿಡಿಸಿ ಕೇಳಿಸಿಕೊಳ್ಳುವ ಬಗೆ

ಸಭೆ ಮುಗಿಯುವ ಹೊತ್ತು. ಮುಖ್ಯಸ್ಥರು ಪೆನ್ನಿಗೆ ಮುಚ್ಚಳ ಹಾಕಿ, ಕುರ್ಚಿಯನ್ನು ಹಿಂದಕ್ಕೆ ಸರಿಸುತ್ತಾ, ‘ಆಯ್ತು, ಮಾಡೋಣ ಬಿಡಿ’ ಅಂದರು. ನಾನು ನಡಾವಳಿ ಪುಸ್ತಕದಲ್ಲಿ ‘ಪ್ರಸ್ತಾವಕ್ಕೆ ಒಪ್ಪಿಗೆ ನೀಡಲಾಯಿತು’ ಎಂದು ಬರೆದೆ. ಮುಂದಿನ ತಿಂಗಳ ಸಭೆಯಲ್ಲಿ ಅದನ್ನು ಓದಿ ಹೇಳಿದಾಗ ಅವರು ಕನ್ನಡಕ ತೆಗೆದು ನನ್ನ ಕಡೆ ನೋಡಿದರು. ‘ನಾನೆಲ್ಲಪ್ಪಾ ಒಪ್ಪಿದೆ? ಮಾಡೋಣ ಬಿಡಿ ಅಂದೆ, ಅಷ್ಟೇ ತಾನೆ?’ ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ನನ್ನ ಒಂದು ಸಾಲನ್ನು ನಂಬಿ ಇಬ್ಬರು ಸಹೋದ್ಯೋಗಿಗಳು ಇಡೀ ತಿಂಗಳು ಆ ಕೆಲಸದಲ್ಲಿ ಕೂತಿದ್ದರು. ಅವರು ಮಾತ್ರ ನಗಲಿಲ್ಲ.

ತಪ್ಪು ನನ್ನದೇ. ಪೆನ್ನು, ಕುರ್ಚಿ ಎಲ್ಲ ಹಾಗಿರಲಿ, ‘ಬಿಡಿ’ ಎಂಬ ಎರಡಕ್ಷರ ನನ್ನ ಕಿವಿಗೆ ಬಿದ್ದಿತ್ತು. ಕೈ ಅದನ್ನು ಬರೆದುಕೊಳ್ಳಲಿಲ್ಲ. ಅಂದಿನಿಂದ ಒಂದು ಅಭ್ಯಾಸ ಮಾಡಿಕೊಂಡೆ: ನಡಾವಳಿ ಪುಟದ ಅಂಚಿನಲ್ಲಿ, ಪೆನ್ಸಿಲ್‌ನಲ್ಲಿ, ಆಡಿದವರ ಮಾತನ್ನು ಆಡಿದ ಹಾಗೆಯೇ ಬರೆದಿಡುವುದು. ವರ್ಷಗಟ್ಟಲೆ ಹಾಗೆ ಬರೆದ ಮೇಲೆ ಒಂದು ಸಂಗತಿ ಸ್ಪಷ್ಟವಾಯಿತು. ಮಸುಕು ಮಾತು ಪೂರ್ತಿ ಮಸುಕಾಗಿರುವುದಿಲ್ಲ. ಅದರಲ್ಲಿ ಯಾವುದೋ ಒಂದು ಜಾಗ ಮಾತ್ರ ಖಾಲಿ ಇರುತ್ತದೆ: ಯಾರು ಎಂಬುದೋ, ಯಾವಾಗ ಎಂಬುದೋ, ಎಷ್ಟು ಎಂಬುದೋ, ನಿಮಗೆ ಯಾರು ಹೇಳಿದರು ಎಂಬುದೋ. ಆಡಿದವರು ಎಲ್ಲಿ ಕಾಲಿಡಲು ಹಿಂಜರಿಯುತ್ತಿದ್ದಾರೆ ಎಂಬುದನ್ನು ಆ ಖಾಲಿ ಜಾಗವೇ ತೋರಿಸುತ್ತದೆ. ಈ ಲೇಖನ ಆ ಜಾಗವನ್ನು ಹುಡುಕುವ ಬಗ್ಗೆ.

ಮೊದಲು: ಕ್ರಿಯಾಪದದ ಬಾಲ ಹಿಡಿಯಿರಿ

ಕನ್ನಡದಲ್ಲಿ ಮನಸ್ಸಿನ ಸಂಗತಿಯೆಲ್ಲ ವಾಕ್ಯದ ಕೊನೆಗೆ, ಕ್ರಿಯಾಪದದ ಕೊನೆಗೆ ಬಂದು ಕೂರುತ್ತದೆ. ವಾಕ್ಯದ ಆರಂಭ ಎಷ್ಟೇ ಗಟ್ಟಿಯಾಗಿರಲಿ, ಕೊನೆಯ ಒಂದು ಪ್ರತ್ಯಯ ಅದನ್ನು ನೀರು ಮಾಡಬಲ್ಲದು. ಹಾಗಾಗಿ ಮೊದಲ ಕೆಲಸ, ಯಾರಾದರೂ ಮುಖ್ಯವಾದ ವಿಷಯಕ್ಕೆ ಉತ್ತರ ಕೊಟ್ಟಾಗ ಆ ಕೊನೆಯ ಪದವನ್ನು ಅದೇ ರೂಪದಲ್ಲಿ ನೆನಪಿಟ್ಟುಕೊಳ್ಳುವುದು. ‘ಒಪ್ಪಿದರು’, ‘ಆಗಲ್ಲ ಅಂದರು’ ಎಂದು ನಿಮ್ಮ ಮಾತಿಗೆ ಇಳಿಸಿಕೊಂಡ ಕೂಡಲೇ ಸುಳಿವು ಹೋಯಿತು.

‘ನೋಡು’ ಎಂಬ ಒಂದೇ ಧಾತುವನ್ನು ತೆಗೆದುಕೊಳ್ಳಿ. ಒಂದು ಕೆಲಸ ಆಗಬೇಕೆಂದು ಯಾರಲ್ಲೋ ಕೇಳಿದ್ದೀರಿ. ‘ನೋಡಿ ಹೇಳ್ತೀನಿ’ ಅಂದರೆ ಎರಡು ಕ್ರಿಯೆಗಳಿವೆ, ಎರಡಕ್ಕೂ ‘ನಾನು’ ಇದೆ. ಉತ್ತರ ಬರುವ ಸಂಭವ ಹೆಚ್ಚು. ‘ನೋಡ್ತೀನಿ’ ಅಂದರೆ ನೋಡುವುದಷ್ಟೇ ಮಾತು, ಹೇಳುವುದಕ್ಕೆ ಮಾತು ಕೊಟ್ಟಿಲ್ಲ. ನೀವೇ ಮತ್ತೆ ಕೇಳಬೇಕು. ‘ನೋಡೋಣ’ ಅಂದರೆ ‘ನಾನು’ ಕೂಡ ಹೋಯಿತು. ‘ನೋಡೋಣ ನೋಡೋಣ’ ಎಂದು ಎರಡು ಸಲ ಬಂದರೆ ಮೊದಲನೆಯದು ನಿಮಗೆ ಸಮಾಧಾನ, ಎರಡನೆಯದು ವಿಷಯ ಬದಲಿಸುವ ಸೂಚನೆ. ‘ನೋಡೋಣ ಬಿಡಿ’ ಎಂಬಲ್ಲಿಗೆ ಕಡತ ಮುಚ್ಚಿತು. ಹೀಗೆ ಐದು ಮೆಟ್ಟಿಲು. ನಾವು ಐದಕ್ಕೂ ‘ನೋಡ್ತಾರಂತೆ’ ಎಂಬ ಒಂದೇ ಅನುವಾದ ಮಾಡಿಕೊಂಡು ಮನೆಗೆ ಬರುತ್ತೇವೆ.

‘ಆಯ್ತು’ ಇನ್ನೂ ಚಾಲಾಕಿನದು. ‘ಕೇಳಿಸಿತು’, ‘ಒಪ್ಪಿದೆ’, ‘ಮುಗಿಯಿತು’, ‘ಸಾಕು ನಿಲ್ಲಿಸು’, ಈ ನಾಲ್ಕಕ್ಕೂ ಅದೇ ಪದ. ಬೇರೆ ಮಾಡಿಕೊಳ್ಳಲು ಒಂದು ಸುಲಭ ದಾರಿಯಿದೆ: ಅದರ ನಂತರ ಏನು ಬಂತು ನೋಡಿ. ‘ಆಯ್ತು, ಸೋಮವಾರ ಕೊಡ್ತೀನಿ’ ಎಂದರೆ ಒಪ್ಪಿಗೆ. ‘ಆಯ್ತು’ ಅಂದು ಮೌನವಾದರೆ ಕೇಳಿಸಿತು ಅಂತಷ್ಟೇ. ‘ಆಯ್ತಾಯ್ತು’ ಎಂದು ಒಂದಕ್ಕೊಂದು ಅಂಟಿಕೊಂಡು ಬಂದರೆ ನೀವು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಮಾತಾಡಿದ್ದೀರಿ.

ಎರಡನೆಯದು: ಕರ್ತೃ ಎಲ್ಲಿ?

ನನ್ನ ಲೆಕ್ಕದಲ್ಲಿ ಅತಿ ಹೆಚ್ಚು ಕಾಣೆಯಾಗುವ ಪದ ಇದು. ಕೆಲಸ ಇದೆ, ಮಾಡುವವರು ಇಲ್ಲ.

ಗಾಜಿನ ಲೋಟ ಕೈಜಾರಿದಾಗ ‘ಒಡೆದೆ’ ಅನ್ನುವವರು ಕಡಿಮೆ, ‘ಒಡೆದುಹೋಯ್ತು’ ಅನ್ನುವವರೇ ಎಲ್ಲರೂ. ಲೋಟ ತಾನೇ ಹೊರಟುಹೋದ ಹಾಗೆ! ಲೋಟದ ಮಟ್ಟಿಗೆ ಇದು ಬರೀ ರೂಢಿ, ಅದರಿಂದ ಏನನ್ನೂ ಊಹಿಸಬೇಡಿ. ಆದರೆ ‘ಕಡತ ತಪ್ಪಿಹೋಗಿದೆ’, ‘ಮೇಲ್ ಮಿಸ್ ಆಗಿದೆ’, ‘ಎಂಟ್ರಿ ಬಿಟ್ಟುಹೋಗಿದೆ’ ಎಂಬ ಮಾತು ಕೇಳಿದಾಗ, ಅದೇ ವ್ಯಕ್ತಿ ಒಳ್ಳೆಯ ಸುದ್ದಿಯನ್ನು ಹೇಗೆ ಹೇಳುತ್ತಾರೆ ಎಂದು ಗಮನಿಸಿ. ‘ರಿಪೋರ್ಟ್ ನಾನೇ ಮುಗಿಸಿದೆ’ ಆದರೆ ‘ಎಂಟ್ರಿ ಬಿಟ್ಟುಹೋಗಿದೆ’. ಗೆಲುವಿಗೆ ಕರ್ತೃವಿದ್ದು ಸೋಲಿಗೆ ಇಲ್ಲದಿದ್ದರೆ ಅದು ರೂಢಿಯಲ್ಲ, ಆಯ್ಕೆ.

ಇದು ದೊಡ್ಡವರ ಮಾತಿನಲ್ಲೂ ಹೀಗೆಯೇ. 1987ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ತಮ್ಮ ವಾರ್ಷಿಕ ಭಾಷಣದಲ್ಲಿ ಇರಾನ್‌ಗೆ ಶಸ್ತ್ರ ಮಾರಿದ ಹಗರಣದ ವಿಷಯ ಬಂದಾಗ, ಗಂಭೀರ ತಪ್ಪುಗಳು ಆಗಿವೆ ಎಂಬರ್ಥದ ಮಾತು ಹೇಳಿದರು. ತಪ್ಪು ಇದೆ, ಅದು ಗಂಭೀರವೂ ಹೌದು, ಆದರೆ ಮಾಡಿದವರು ವಾಕ್ಯದಲ್ಲಿ ಇಲ್ಲ. ಆ ಬಗೆಯ ವಾಕ್ಯ ಇಂಗ್ಲಿಷ್ ರಾಜಕೀಯದಲ್ಲಿ ನಗೆಪಾಟಲಿನ ಮಾತೇ ಆಗಿಬಿಟ್ಟಿದೆ. ನಾವು ನಗುವ ಮುಂಚೆ ನಮ್ಮ ‘ಲಾಯಿತು’ ಕಡೆ ನೋಡಿಕೊಳ್ಳಬೇಕು. ‘ಚರ್ಚಿಸಲಾಯಿತು’, ‘ಪರಿಶೀಲಿಸಲಾಗುವುದು’, ‘ಕ್ರಮ ಕೈಗೊಳ್ಳಲಾಗುವುದು’. ನಾನು ಬರೆದ ‘ಒಪ್ಪಿಗೆ ನೀಡಲಾಯಿತು’ ಕೂಡ ಅದೇ ಕುಲದ್ದು. ಯಾರು ಒಪ್ಪಿದರು ಎಂದು ಬರೆಯಲೇಬೇಕಾಗಿದ್ದರೆ ನಾನು ಪೆನ್ನು ಎತ್ತಿಕೊಂಡು ಕೇಳುತ್ತಿದ್ದೆ, ಆ ಎಡವಟ್ಟು ಆಗುತ್ತಲೇ ಇರಲಿಲ್ಲ.

ಇನ್ನು ‘ನಾವು’. ತಮಿಳಿನಲ್ಲಿ ‘ನಾಮ್’ ಬೇರೆ, ‘ನಾಂಗಳ್’ ಬೇರೆ. ತೆಲುಗಿನಲ್ಲಿ ‘ಮನಂ’ ಬೇರೆ, ‘ಮೇಮು’ ಬೇರೆ. ತುಳುವಿನಲ್ಲಿ ‘ನಮ’ ಬೇರೆ, ‘ಎಂಕುಳು’ ಬೇರೆ. ಕೇಳುಗನನ್ನೂ ಸೇರಿಸಿಕೊಂಡ ನಾವು ಒಂದು, ಕೇಳುಗನನ್ನು ಹೊರಗಿಟ್ಟ ನಾವು ಇನ್ನೊಂದು. ನಮ್ಮ ಇಂದಿನ ಕನ್ನಡದಲ್ಲಿ ಎರಡಕ್ಕೂ ಒಂದೇ ‘ನಾವು’. ಹಾಗಾಗಿ ‘ಇದನ್ನ ನಾವು ಮಾಡ್ಬೇಕು’ ಎಂದು ಮೇಲಿನವರು ಅಂದಾಗ ಕೋಣೆಯಲ್ಲಿದ್ದ ನಾಲ್ವರೂ ಅದು ಬೇರೆ ಮೂವರ ಕೆಲಸ ಎಂದುಕೊಂಡು ಎದ್ದುಹೋಗುತ್ತಾರೆ. ನನ್ನ ಅನುಭವದಲ್ಲಿ, ಹೊಗಳಿಕೆಯ ಹೊತ್ತಿನ ‘ನಾವು’ ಎಂದರೆ ಹೆಚ್ಚಾಗಿ ‘ನಾನು’, ಕೆಲಸದ ಹೊತ್ತಿನ ‘ನಾವು’ ಎಂದರೆ ಹೆಚ್ಚಾಗಿ ‘ನೀವು’.

ಇಲ್ಲೊಂದು ಎಚ್ಚರಿಕೆ. ‘ನನಗೆ ಮರೆತುಹೋಯ್ತು’, ‘ನನಗೆ ಅನ್ಸುತ್ತೆ’, ‘ನನಗೆ ಗೊತ್ತಾಗಲಿಲ್ಲ’ ಎಂಬಲ್ಲಿ ‘ನಾನು’ ಇಲ್ಲದೆ ‘ನನಗೆ’ ಇರುವುದು ಕಳ್ಳತನವಲ್ಲ. ಹಸಿವು, ನೆನಪು, ಅನಿಸಿಕೆ ಇವೆಲ್ಲ ನಮಗೆ ‘ಆಗುವ’ ಸಂಗತಿಗಳು ಎಂದೇ ಕನ್ನಡದ ಚತುರ್ಥಿ ವಿಭಕ್ತಿ ನೋಡುತ್ತದೆ. ವ್ಯಾಕರಣವೇ ಹಾಗಿರುವಾಗ ಆಡಿದವರ ಮೇಲೆ ಅನುಮಾನ ಪಡುವುದು ಅನ್ಯಾಯ.

ಮೂರನೆಯದು: ಕಾಲವನ್ನು ನಂಬಬೇಡಿ

‘ಎಲ್ಲಿದ್ದೀಯಾ?’ ‘ಬಂದೆ ಬಂದೆ.’ ಬಂದೆ ಎಂಬುದು ಭೂತಕಾಲ. ಆದರೆ ಆಡಿದವನು ಇನ್ನೂ ಚಪ್ಪಲಿ ಹುಡುಕುತ್ತಿದ್ದಾನೆ. ಮುಂದೆ ಮಾಡಬೇಕಾದ್ದನ್ನು ಮುಗಿದುಹೋಯಿತೆಂಬಂತೆ ಹೇಳುವುದು ನಮ್ಮ ಮಾತಿನ ಒಂದು ಸೊಗಸು. ಕಾಯುವವರಿಗೆ ಮಾತ್ರ ಅದು ಸೊಗಸಲ್ಲ. ಸಾಮಾನ್ಯವಾಗಿ ‘ಬಂದೆ’ ಒಂದೇ ಸಲ ಬಂದರೆ ಮನುಷ್ಯ ಹತ್ತಿರದಲ್ಲಿದ್ದಾನೆ. ಎರಡು ಸಲ ಬಂದರೆ ಹೊರಟಿಲ್ಲ.

ಕೆಲಸದಲ್ಲಿ ಇದಕ್ಕಿಂತ ಉಪಯೋಗಕ್ಕೆ ಬರುವುದು ‘ಬೇಕು’. ‘ಪತ್ರ ಕಳಿಸಿದ್ರಾ?’ ಎಂಬ ಪ್ರಶ್ನೆಗೆ ‘ಕಳಿಸ್ಬೇಕು’ ಎಂಬ ಉತ್ತರ ಬಂದರೆ ಅದರ ಅರ್ಥ ಕರ್ತವ್ಯಪ್ರಜ್ಞೆಯಲ್ಲ, ‘ಇಲ್ಲ’ ಎಂದು. ‘ಕಳಿಸ್ತಾ ಇದೀನಿ’ ಎಂದರೆ ನೀವು ಕೇಳಿದ ಕ್ಷಣದಲ್ಲಿ ನೆನಪಾಯಿತು ಎಂದು. ‘ಕಳಿಸಿದೀನಿ ಅನ್ಸುತ್ತೆ’ ಎಂದರೆ ಖಂಡಿತ ಕಳಿಸಿಲ್ಲ, ಆದರೆ ಈಗ ಹೋಗಿ ನೋಡುತ್ತಾರೆ. ಪ್ರಶ್ನೆ ಯಾವ ಕಾಲದಲ್ಲಿತ್ತೋ ಉತ್ತರ ಅದೇ ಕಾಲದಲ್ಲಿ ಬಂತೇ ಎಂದು ಹೋಲಿಸಿದರೆ ಸಾಕು, ಬೇರೆ ಮನಶ್ಶಾಸ್ತ್ರ ಬೇಡ.

ಕೆಲವೊಮ್ಮೆ ಕಾಲ ಹಿಂದೆ ಸರಿಯುವುದು ಮರ್ಯಾದೆಗೆ. ‘ನಿಮ್ಮತ್ರ ಸ್ವಲ್ಪ ಮಾತಾಡ್ಬೇಕಿತ್ತು’ ಅನ್ನುವವರಿಗೆ ಮಾತಾಡಬೇಕಾಗಿರುವುದು ಈಗಲೇ. ‘ಇತ್ತು’ ಎಂದು ಒಂದು ಹೆಜ್ಜೆ ಹಿಂದೆ ನಿಂತು, ನಿಮಗೆ ‘ಈಗ ಆಗಲ್ಲ’ ಎನ್ನಲು ಜಾಗ ಮಾಡಿಕೊಡುತ್ತಿದ್ದಾರೆ. ಆ ಮಾತಿನ ‘ಸ್ವಲ್ಪ’ವನ್ನು ಮಾತ್ರ ನಂಬಬೇಡಿ. ವಿಷಯ ಸ್ವಲ್ಪವೇ ಆಗಿದ್ದಿದ್ದರೆ ನಿಂತಲ್ಲೇ ಹೇಳಿ ಮುಗಿಸುತ್ತಿದ್ದರು.

ನಾಲ್ಕನೆಯದು: ಅಳತೆಯ ಪದಗಳಿಗೆ ಅಂಕಿ ಕೇಳಿ

‘ಸ್ವಲ್ಪ ಕಷ್ಟ’ ಎಂದರೆ ಆಗುವುದಿಲ್ಲ ಎಂದು, ಇದು ಹೆಚ್ಚಿನವರಿಗೆ ಗೊತ್ತು. ‘ಆಲ್ಮೋಸ್ಟ್ ಮುಗೀತು’, ‘ಬಹುಶಃ ಆಗುತ್ತೆ’, ‘ಸುಮಾರಾಗಿದೆ’, ‘ಪರವಾಗಿಲ್ಲ’, ಇವುಗಳಲ್ಲಿ ಅಪಾಯ ಹೆಚ್ಚು. ಕಾರಣ, ಇಲ್ಲಿ ಆಡಿದವರು ಏನನ್ನೂ ಮುಚ್ಚಿಡುತ್ತಿಲ್ಲ. ಅವರ ತಲೆಯಲ್ಲಿ ಒಂದು ಅಂಕಿ ಇದೆ, ನಿಮ್ಮ ತಲೆಯಲ್ಲಿ ಇನ್ನೊಂದು ಅಂಕಿ ಇದೆ, ಮಧ್ಯೆ ಒಂದೇ ಪದ ಓಡಾಡುತ್ತಿದೆ.

ಇದಕ್ಕೆ ನನಗೆ ಗೊತ್ತಿರುವ ಅತಿ ಒಳ್ಳೆಯ ಉದಾಹರಣೆ ಅಮೆರಿಕದ ಗುಪ್ತಚರ ಸಂಸ್ಥೆಯದು. 1951ರಲ್ಲಿ ಯುಗೊಸ್ಲಾವಿಯದ ಮೇಲೆ ಸೋವಿಯತ್ ಬಣ ದಾಳಿ ಮಾಡಬಹುದೇ ಎಂಬ ವರದಿ ತಯಾರಾಯಿತು. ಅದರಲ್ಲಿ ದಾಳಿಯ ಸಾಧ್ಯತೆಯನ್ನು ಗಂಭೀರವಾಗಿ ಪರಿಗಣಿಸಬೇಕು ಎಂಬ ಧಾಟಿಯ ಮಾತಿತ್ತು. ಓದಿದ ಅಧಿಕಾರಿಯೊಬ್ಬರು, ಹಾಗೆಂದರೆ ಎಷ್ಟು ಎಂದು ಕೇಳಿದರು. ವರದಿ ತಯಾರಿಸಿದವರಲ್ಲೊಬ್ಬರಾದ ಶೆರ್ಮನ್ ಕೆಂಟ್, ತಮ್ಮ ಮಟ್ಟಿಗೆ ನೂರಕ್ಕೆ 65ರಷ್ಟು ಎಂದರು. ಅಧಿಕಾರಿ ಬೆಚ್ಚಿಬಿದ್ದರು, ಅವರು ಅದಕ್ಕಿಂತ ತುಂಬಾ ಕಡಿಮೆ ಅಂದುಕೊಂಡಿದ್ದರು. ಕೆಂಟ್ ವಾಪಸು ಬಂದು ತಮ್ಮ ಸಹೋದ್ಯೋಗಿಗಳನ್ನೇ ಕೇಳಿದರೆ, ಅದೇ ವಾಕ್ಯಕ್ಕೆ ಒಪ್ಪಿಗೆ ಕೊಟ್ಟಿದ್ದವರಲ್ಲಿ ಒಬ್ಬರ ಮನಸ್ಸಿನಲ್ಲಿ 20 ಇತ್ತು, ಇನ್ನೊಬ್ಬರದರಲ್ಲಿ 80. ಎಲ್ಲರೂ ಕೂಡಿ ಬರೆದ ವಾಕ್ಯ ಅದು! ಅವರೆಲ್ಲ ಒಪ್ಪಿದ್ದು ಪದಕ್ಕೆ, ಅರ್ಥಕ್ಕಲ್ಲ. 1964ರಲ್ಲಿ ಕೆಂಟ್ ಇದನ್ನೆಲ್ಲ ಬರೆದು, ಸಾಧ್ಯತೆಯ ಪದಗಳಿಗೆ ಇಷ್ಟಿಷ್ಟು ಶೇಕಡಾ ಎಂದು ನಿಗದಿಮಾಡಬೇಕೆಂದು ವಾದಿಸಿದರು.

ನಿಮ್ಮ ಕೆಲಸಕ್ಕೆ ಅಷ್ಟು ಬೇಡ. ‘ಬಹುಶಃ’ ಎಂದವರನ್ನು ‘ಹತ್ತಕ್ಕೆ ಎಷ್ಟು?’ ಎಂದು ಕೇಳಿ. ‘ಆಲ್ಮೋಸ್ಟ್’ ಎಂದವರನ್ನು ‘ಇನ್ನು ಉಳಿದಿರೋದು ಯಾವ ಭಾಗ?’ ಎಂದು ಕೇಳಿ. ಎರಡನೆಯ ಪ್ರಶ್ನೆ ನನಗೆ ಹೆಚ್ಚು ಇಷ್ಟ. ಉಳಿದಿರುವ ಭಾಗದ ಹೆಸರು ಹೇಳಲು ಬರುವವರ ಕೆಲಸ ನಿಜವಾಗಿಯೂ ಮುಗಿಯುತ್ತಾ ಬಂದಿರುತ್ತದೆ.

ಐದನೆಯದು: ‘ಅಂತೆ’ ಯಾರ ಮಾತು?

‘ಅಂತೆ’ ಎಂಬ ಪುಟ್ಟ ಪ್ರತ್ಯಯ ಕನ್ನಡದ ದೊಡ್ಡ ಅನುಕೂಲ. ‘ಬರ್ತಾರೆ’ ಎಂದರೆ ನನ್ನ ಜವಾಬ್ದಾರಿ, ‘ಬರ್ತಾರಂತೆ’ ಎಂದರೆ ನನ್ನದಲ್ಲ. ಪ್ರಾಮಾಣಿಕವಾಗಿ ಬಳಸಿದರೆ ಇದಕ್ಕಿಂತ ಶುದ್ಧವಾದ ಉಪಕರಣ ಇನ್ನೊಂದಿಲ್ಲ: ನಾನು ಕಂಡಿಲ್ಲ, ಕೇಳಿದ್ದೇನೆ ಎಂದು ವ್ಯಾಕರಣದೊಳಗೇ ಹೇಳಿಬಿಡುತ್ತದೆ. ತೊಂದರೆ ಬರುವುದು ಅದು ಆಪಾದನೆಗೆ ಅಂಟಿಕೊಂಡಾಗ. ‘ನೀವು ಹಾಗಂದ್ರಂತೆ.’ ಹೇಳಿದವರು ಯಾರು? ವಾಕ್ಯದಲ್ಲಿ ಇಲ್ಲ. ನೀವು ಸಿಟ್ಟಾದರೆ ‘ನಾನೇನೂ ಹೇಳ್ಲಿಲ್ಲಪ್ಪ, ಯಾರೋ ಅಂದ್ರು’ ಎಂದು ಹಿಂದೆ ಸರಿಯಬಹುದು. ಸಿಟ್ಟಾಗದಿದ್ದರೆ ಆಪಾದನೆ ನಿಂತಿತು.

ಇಂಥ ಕಡೆ ನಾನು ಮಾಡುವುದು ಇಷ್ಟೇ. ಆಪಾದನೆಗೆ ಉತ್ತರ ಕೊಡುವುದಿಲ್ಲ, ‘ನಿಮಗೇನನ್ಸುತ್ತೆ?’ ಎಂದು ಕೇಳುತ್ತೇನೆ. ‘ಅಂತೆ’ಯ ಹಿಂದೆ ಅವರದೇ ಅಭಿಪ್ರಾಯ ಇದ್ದರೆ ಆಗ ಹೊರಗೆ ಬರುತ್ತದೆ. ಇಲ್ಲದಿದ್ದರೆ ಅವರು ನಿಜಕ್ಕೂ ಸುದ್ದಿ ತಂದವರಷ್ಟೇ. ಅವರ ಮೇಲೆ ಹರಿಹಾಯುವುದು ತಪ್ಪುತ್ತದೆ. ‘ಎಲ್ರೂ ಹಾಗೇ ಹೇಳ್ತಿದಾರೆ’ ಎಂಬುದೂ ಇದರ ದಾಯಾದಿಯೇ. ‘ಎಲ್ರೂ’ ಎಂದರೆ ಎಷ್ಟು ಜನ ಎಂದು ಎಣಿಸಿ ನೋಡಿದ್ದೇನೆ. ಇಬ್ಬರು. ಅದರಲ್ಲಿ ಒಬ್ಬರು ಆಡಿದವರೇ.

ಪೀಠಿಕೆ ಮತ್ತು ಬಾಲಂಗೋಚಿ

‘ತಪ್ಪು ತಿಳ್ಕೋಬೇಡಿ’ ಎಂದಾಗ ತಪ್ಪಾಗಿ ತಿಳಿಯಬಹುದಾದ ಮಾತು ಬರುತ್ತಿದೆ, ಸಿದ್ಧರಾಗಿ. ‘ನಿಜ ಹೇಳ್ಬೇಕಂದ್ರೆ’ ಹೆಚ್ಚಾಗಿ ಬರೀ ಉಸಿರು ತೆಗೆದುಕೊಳ್ಳುವ ಜಾಗ. ಅಲ್ಲಿಯತನಕ ಹೇಳಿದ್ದೆಲ್ಲ ಸುಳ್ಳೇ ಎಂದು ಕೇಳುವವರು ಜಾಣರಲ್ಲ, ತರಲೆಗಳು. ‘ಚೆನ್ನಾಗಿದೆ, ಆದ್ರೆ’ ಎಂಬಲ್ಲಿ ‘ಆದ್ರೆ’ಯ ಆಚೆಯದ್ದಷ್ಟೇ ಅಭಿಪ್ರಾಯ. ಇವೆಲ್ಲ ನಿಮಗೆ ಗೊತ್ತಿರುವುದೇ.

ಗಮನಿಸಬೇಕಾದ್ದು ಬಾಲಂಗೋಚಿ. ‘ಸುಮ್ನೆ ಫೋನ್ ಮಾಡಿದೆ’ ಎಂದು ಶುರುವಾದ ಕರೆಯಲ್ಲಿ ಹತ್ತು ನಿಮಿಷ ಅದು ಇದು ಮಾತಾಗುತ್ತದೆ. ‘ಮತ್ತೆ?’ ‘ಮತ್ತಿನ್ನೇನಿಲ್ಲ.’ ‘ಸರಿ, ಇಡ್ಲಾ?’ ‘ಹ್ಞಾಂ… ಅದೇ, ಇನ್ನೊಂದು ವಿಷಯ.’ ಕರೆ ಮಾಡಿದ್ದೇ ಆ ಇನ್ನೊಂದು ವಿಷಯಕ್ಕೆ. ವೈದ್ಯರಿಗೆ ಇದು ದಿನನಿತ್ಯದ ಅನುಭವ. ರೋಗಿ ಎದ್ದು, ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟ ಮೇಲೆ, ‘ಡಾಕ್ಟ್ರೇ, ಎದೇಲಿ ಒಂಥರಾ ಆಗುತ್ತೆ’ ಎನ್ನುತ್ತಾನೆ. ಇಂಗ್ಲಿಷಿನಲ್ಲಿ ಈ ಬಗೆಯ ಮಾತಿಗೆ ಬಾಗಿಲ ಹಿಡಿಕೆಯದೇ ಹೆಸರಿದೆ. ಆ ‘ಒಂಥರಾ’ವನ್ನು ಬಿಡಿಸದೆ ಕಳಿಸುವ ವೈದ್ಯರು ಒಳ್ಳೆಯ ವೈದ್ಯರಲ್ಲ. ಆದ್ದರಿಂದ ಮನೆಯವರು, ಸ್ನೇಹಿತರು ಸುಮ್ಮನೆ ಕರೆ ಮಾಡಿದಾಗ ಫೋನ್ ಇಡುವ ಮೊದಲು ಎರಡು ಸೆಕೆಂಡ್ ಸುಮ್ಮನಿರಿ. ಬರುವುದಿದ್ದರೆ ಆ ಜಾಗದಲ್ಲಿ ಬರುತ್ತದೆ.

ಸುಮ್ಮನಿರುವ ಮಾತು ಬಂದಿತಲ್ಲ, ಉತ್ತರಕ್ಕೆ ಮುಂಚಿನ ಮೌನವೂ ಮಾತೇ. 2009ರಲ್ಲಿ ಹತ್ತು ಬೇರೆಬೇರೆ ಭಾಷೆಗಳ ಸಂಭಾಷಣೆಗಳನ್ನು ಅಳೆದು ನೋಡಿದ ಸಂಶೋಧಕರು, ಪ್ರಶ್ನೆಗೂ ಉತ್ತರಕ್ಕೂ ನಡುವಿನ ಅಂತರ ಸರಾಸರಿ ಸೆಕೆಂಡಿನ ಐದನೇ ಒಂದು ಭಾಗದ ಆಸುಪಾಸಿನಲ್ಲಿರುತ್ತದೆ ಎಂದು ಕಂಡರು. ಪ್ರಶ್ನೆಗೆ ಹೌದೆನ್ನುವ ಉತ್ತರ ಬೇಗ ಬರುತ್ತದೆ, ಅಲ್ಲವೆನ್ನುವ ಉತ್ತರ ತಡವಾಗಿ. ‘ಭಾನುವಾರ ಬರ್ತೀರಲ್ಲ?’ ಎಂದಾಗ ಒಂದು ಸಣ್ಣ ತಡವಾಗಿ ‘ಹೌದು, ಬರೋಣ’ ಎಂದರೆ, ಆ ತಡವೇ ಉತ್ತರ. ಆದರೆ ಫೋನ್ ಮತ್ತು ವಿಡಿಯೋ ಕರೆಗಳಲ್ಲಿ ಈ ಲೆಕ್ಕ ಹಾಕಬೇಡಿ, ಅಲ್ಲಿ ತಡ ಮಾಡುವುದು ಹೆಚ್ಚಾಗಿ ನೆಟ್‌ವರ್ಕ್. ಮೆಸೇಜಿನಲ್ಲಂತೂ ಬೇಡವೇ ಬೇಡ. ಇನ್ನೊಬ್ಬರ ‘ಓಕೆ’ಯ ಕೊನೆಗೆ ಚುಕ್ಕಿ ಇದೆಯೋ ಇಲ್ಲವೋ ಎಂದು ರಾತ್ರಿಯಿಡೀ ಯೋಚಿಸಿದವರನ್ನು ನಾನು ಬಲ್ಲೆ. ಅವರ ಎದುರಿನವರು ಆ ಹೊತ್ತಿಗೆ ನಿದ್ದೆ ಮಾಡುತ್ತಿದ್ದರು.

ಹೇಳದೆ ಬಿಟ್ಟದ್ದು

ತತ್ವಶಾಸ್ತ್ರಜ್ಞ ಪಾಲ್ ಗ್ರೈಸ್ 1967ರಲ್ಲಿ ಹಾರ್ವರ್ಡ್‌ನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಒಂದು ವಿಚಾರ ಮುಂದಿಟ್ಟರು. ಮಾತಾಡುವಾಗ ನಾವು ಪರಸ್ಪರ ಸಹಕರಿಸುತ್ತೇವೆ ಎಂಬ ನಂಬಿಕೆಯ ಮೇಲೆ ನಿಂತಿರುತ್ತೇವೆ: ಬೇಕಾದಷ್ಟು ಹೇಳುವುದು, ನಿಜ ಹೇಳುವುದು, ವಿಷಯಕ್ಕೆ ಸಂಬಂಧಪಟ್ಟದ್ದನ್ನು ಹೇಳುವುದು, ಸ್ಪಷ್ಟವಾಗಿ ಹೇಳುವುದು. ಯಾರಾದರೂ ಇವುಗಳಲ್ಲೊಂದನ್ನು ಎದ್ದುಕಾಣುವಂತೆ ಮುರಿದಾಗ ಅಲ್ಲೊಂದು ಅರ್ಥ ಹುಟ್ಟುತ್ತದೆ. ಅವರ ಪ್ರಸಿದ್ಧ ಉದಾಹರಣೆ ಒಂದು ಶಿಫಾರಸು ಪತ್ರ. ತತ್ವಶಾಸ್ತ್ರದ ಕೆಲಸಕ್ಕೆ ಅರ್ಜಿ ಹಾಕಿದ ವಿದ್ಯಾರ್ಥಿಯ ಬಗ್ಗೆ, ಆತನ ಇಂಗ್ಲಿಷ್ ಚೆನ್ನಾಗಿದೆ, ತರಗತಿಗೆ ತಪ್ಪದೆ ಬರುತ್ತಿದ್ದ ಎಂದಷ್ಟೇ ಗುರುಗಳು ಬರೆಯುತ್ತಾರೆ. ಸುಳ್ಳು ಒಂದೂ ಇಲ್ಲ. ತತ್ವಶಾಸ್ತ್ರದ ಬಗ್ಗೆ ಮಾತ್ರ ಏನೂ ಇಲ್ಲ.

‘ಮನುಷ್ಯ ಒಳ್ಳೆಯವರು’ ಎಂದು ನಾವು ಅನ್ನುವುದೂ ಇದೇ ತಂತ್ರ. ಕೆಲಸ ಹೇಗೆ ಮಾಡ್ತಾರೆ ಎಂದು ಕೇಳಿದ್ದಕ್ಕೆ ಈ ಉತ್ತರ ಬಂದರೆ, ಕೇಳಿದ್ದಕ್ಕೆ ಉತ್ತರ ಬಂದಾಯಿತು.

ಎಲ್ಲಿ ನಿಲ್ಲಬೇಕು

ಇಷ್ಟೆಲ್ಲ ಓದಿ ನಾಳೆಯಿಂದ ಎದುರಿನವರ ಪ್ರತಿ ‘ಒಂಥರಾ’ದಲ್ಲೂ ಕಪಟ ಹುಡುಕಲು ಹೊರಡಬೇಡಿ. ಸುಳ್ಳು ಪತ್ತೆಹಚ್ಚುವ ನಮ್ಮ ಶಕ್ತಿ ತೀರಾ ಬಡವು. 2006ರಲ್ಲಿ ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪೌಲೊ ಎಂಬ ಮನಶ್ಶಾಸ್ತ್ರಜ್ಞರು ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿದರು. ಅವುಗಳಲ್ಲಿ ತೀರ್ಪು ಕೊಟ್ಟವರೇ 24,000ಕ್ಕೂ ಹೆಚ್ಚು ಜನ. ನಿಜ ಯಾವುದು, ಸುಳ್ಳು ಯಾವುದು ಎಂದು ಅವರು ಸರಿಯಾಗಿ ಗುರುತಿಸಿದ್ದು ಸರಾಸರಿ ಶೇ. 54ರಷ್ಟು. ನಾಣ್ಯ ಚಿಮ್ಮಿದರೆ 50 ಸಿಗುತ್ತದೆ. ಮಸುಕು ಮಾತು ತೋರಿಸುವುದು ಹಿಂಜರಿಕೆ ಎಲ್ಲಿದೆ ಎಂಬುದನ್ನು. ಏಕೆ ಎಂಬುದನ್ನಲ್ಲ. ಸಂಕೋಚ, ಭಯ, ಮರ್ಯಾದೆ, ನಿಜವಾಗಿಯೂ ಗೊತ್ತಿಲ್ಲದಿರುವುದು, ಸೋಮಾರಿತನ, ಕಳ್ಳತನ, ಎಲ್ಲವೂ ಒಂದೇ ‘ನೋಡೋಣ’ ಉಟ್ಟುಕೊಂಡು ಬರುತ್ತವೆ.

ಅದಕ್ಕೇ ಮನುಷ್ಯನ ಮಾಮೂಲಿ ಮಾತು ಹೇಗಿದೆ ಎಂದು ಮೊದಲು ತಿಳಿದಿರಬೇಕು. ಕೆಲವರಿಗೆ ‘ಏನೋ’, ‘ಎಲ್ಲೋ’, ‘ಅದೂ… ಇದೂ…’ ಎಂಬುದು ಉಸಿರಾಟದಂತೆ. ಸದಾ ಮಸುಕಾಗಿ ಮಾತಾಡುವವರು ಮಸುಕಾದರೆ ಸುದ್ದಿಯಲ್ಲ. ಸದಾ ‘ಮಂಗಳವಾರ ಹನ್ನೊಂದಕ್ಕೆ’ ಎನ್ನುವವರು ಒಂದು ದಿನ ‘ಮುಂದಿನ ವಾರ ಯಾವತ್ತಾದ್ರೂ’ ಎಂದರೆ ಅದು ಸುದ್ದಿ.

ಮತ್ತೆ ಯಾರೊಂದಿಗೆ ಮಾತಾಡುತ್ತಿದ್ದಾರೆ ಎಂಬುದು. ಕೆಳಗಿನವರು ಮೇಲಿನವರಿಗೆ ಕೆಟ್ಟ ಸುದ್ದಿ ಹೇಳುವಾಗ ಮಾತು ಮೆತ್ತಗಾಗುತ್ತದೆ. ಅಲ್ಲಿ ‘ಸ್ವಲ್ಪ ಪ್ರಾಬ್ಲಂ ಆಗಿದೆ ಸಾರ್’ ಎಂಬುದನ್ನು ಹತ್ತರಿಂದ ಗುಣಿಸಿ ಕೇಳಿಸಿಕೊಳ್ಳಿ.

ಕೊನೆಗೆ: ಖಾಲಿ ಜಾಗವನ್ನಷ್ಟೇ ಕೇಳಿ

ಊಹೆ ಮಾಡುವುದಕ್ಕಿಂತ ಕೇಳುವುದು ಸುಲಭ, ಆದರೂ ನಾವು ಕೇಳುವುದಿಲ್ಲ. 1990ರ ಜನವರಿ 25ರ ರಾತ್ರಿ ಅವಿಯಾಂಕಾ ಸಂಸ್ಥೆಯ 52ನೇ ನಂಬರಿನ ವಿಮಾನ ಕೊಲಂಬಿಯಾದಿಂದ ನ್ಯೂಯಾರ್ಕಿಗೆ ಬಂದು, ಕೆಟ್ಟ ಹವಾಮಾನದಿಂದಾಗಿ ಒಂದು ಗಂಟೆಗೂ ಮೀರಿ ಆಕಾಶದಲ್ಲೇ ಸುತ್ತಬೇಕಾಯಿತು. ಇಂಧನ ಮುಗಿಯುತ್ತಾ ಬಂದಿದೆ ಎಂದು ಸಿಬ್ಬಂದಿ ನೆಲದವರಿಗೆ ಹೇಳಿದರು, ಆದ್ಯತೆ ಬೇಕು ಎಂದರು. ‘ಎಮರ್ಜೆನ್ಸಿ’ ಎಂಬ ಪದ ಮಾತ್ರ ಆಡಲಿಲ್ಲ. ನೆಲದಲ್ಲಿದ್ದವರಿಗೆ ಕ್ರಮ ಬದಲಿಸಲು ಬೇಕಾಗಿದ್ದದ್ದು ಆ ಪದ. ‘ಇನ್ನೆಷ್ಟು ನಿಮಿಷದ ಇಂಧನವಿದೆ?’ ಎಂಬ ಒಂದು ನೇರ ಪ್ರಶ್ನೆ ಸಕಾಲದಲ್ಲಿ ಬಿದ್ದಿದ್ದರೂ ಕಥೆ ಬೇರೆಯಾಗಬಹುದಿತ್ತು. ಮೊದಲ ಸಲ ಇಳಿಯುವ ಪ್ರಯತ್ನ ವಿಫಲವಾಗಿ, ಎಂಜಿನ್‌ಗಳು ನಿಂತು, ವಿಮಾನ ಲಾಂಗ್ ಐಲೆಂಡ್‌ನಲ್ಲಿ ಬಿತ್ತು. ವಿಮಾನದಲ್ಲಿದ್ದ 158 ಜನರಲ್ಲಿ 73 ಜನ ಸತ್ತರು.

ಕೇಳುವ ಬಗೆಯೊಂದಿದೆ. ‘ಸರಿಯಾಗಿ ಹೇಳಿ’, ‘ಸುತ್ತಿಬಳಸಿ ಮಾತಾಡ್ಬೇಡಿ’ ಎಂದರೆ ಎದುರಿನವರು ಇನ್ನೂ ಸುತ್ತುತ್ತಾರೆ, ಏಕೆಂದರೆ ಅವರು ಸುತ್ತುತ್ತಿರುವುದೇ ಮುಖ ಉಳಿಸಿಕೊಳ್ಳಲು. ಇಡೀ ಮಾತನ್ನು ಪ್ರಶ್ನಿಸದೆ, ಖಾಲಿ ಇರುವ ಒಂದು ಜಾಗಕ್ಕೆ ಎರಡು ಆಯ್ಕೆ ಇಟ್ಟು ಕೇಳಿ. ‘ಮಾಡೋಣ’ ಎಂದರೆ ‘ನಾನು ಶುರುಮಾಡ್ಲಾ, ನೀವು ಮಾಡ್ತೀರಾ?’ ‘ಮುಂದಿನ ವಾರ’ ಎಂದರೆ ‘ಗುರುವಾರಾನಾ, ಶುಕ್ರವಾರಾನಾ?’ ‘ಸ್ವಲ್ಪ ಕಷ್ಟ’ ಎಂದರೆ ‘ಈಗ ಕಷ್ಟಾನಾ, ಯಾವತ್ತಿಗೂ ಕಷ್ಟಾನಾ?’ ಮತ್ತು ‘ಇಲ್ಲ’ ಎನ್ನಲು ಒಂದು ಮರ್ಯಾದೆಯ ದಾರಿ ಬಿಟ್ಟಿರಿ: ‘ಆಗ್ದಿದ್ರೆ ಈಗ್ಲೇ ಹೇಳಿಬಿಡಿ, ನಾನು ಬೇರೆ ನೋಡ್ಕೋತೀನಿ, ಬೇಜಾರಿಲ್ಲ.’ ಇಷ್ಟು ಅಂದರೆ ನನ್ನ ಅನುಭವದಲ್ಲಿ ಅರ್ಧಕ್ಕರ್ಧ ‘ನೋಡೋಣ’ಗಳು ಅಲ್ಲೇ ಸಂತೋಷದಿಂದ ‘ಆಗಲ್ಲ’ವಾಗುತ್ತವೆ.

ಮೇಲೆ ಹೇಳಿದ ಆ ಮುಖ್ಯಸ್ಥರು, ಕೆಲವು ತಿಂಗಳ ನಂತರ, ಇನ್ನೊಂದು ಪ್ರಸ್ತಾವಕ್ಕೆ ಮತ್ತೆ ‘ಮಾಡೋಣ ಬಿಡಿ’ ಎಂದು ಎದ್ದರು.

‘ಸಾರ್, ನಡಾವಳೀಲಿ ಏನಂತ ಬರೀಲಿ?’ ಎಂದೆ.

ಅವರು ಒಂದು ಕ್ಷಣ ನಿಂತರು. ‘ಮುಂದಿನ ಸಭೆಗೆ ಇಡೋದು ಅಂತ ಬರ್ಕೊಳ್ಳಿ.’

‘ಯಾರು ಇಡೋದು ಸಾರ್?’

ಅವರು ನನ್ನನ್ನು ನೋಡಿದರು, ಪ್ರಸ್ತಾವದ ಕಾಗದ ನೋಡಿದರು, ಮತ್ತೆ ಕುರ್ಚಿ ಎಳೆದುಕೊಂಡು ಕೂತರು. ಜೇಬಿಗೆ ಸಿಕ್ಕಿಸಿದ್ದ ಪೆನ್ನನ್ನು ತೆಗೆದು ಮುಚ್ಚಳ ಬಿಚ್ಚಿದರು.